ಆತ್ಮಕಥೆಯಿಂದ ಸಮ್ಮತಿಪತ್ರದವರೆಗೆ: ಲಿಂಗತ್ವ ಅಲ್ಪಸಂಖ್ಯಾತರ ಬರವಣಿಗೆಯಲ್ಲಿ ರೋಗಿಯ ಮಾತು

ಲಿಂಗತ್ವ ಅಲ್ಪಸಂಖ್ಯಾತರ ಬದುಕನ್ನು ಕುರಿತ ಬರವಣಿಗೆಗೆ ಕನ್ನಡದಲ್ಲಿ ಈಗ ಒಂದು ಸಣ್ಣ ಪರಂಪರೆಯೇ ಏರ್ಪಟ್ಟಿದೆ. ತಮಿಳುನಾಡಿನ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡವು ಎಂ. ಗಣೇಶ ಅವರ ನಿರ್ದೇಶನದಲ್ಲಿ ಅದನ್ನು ರಂಗಕ್ಕೆ ತಂದು ಊರೂರಿಗೆ ಒಯ್ದಿತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಜೀವನವು ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ ‘ನಡುವೆ ಸುಳಿವ ಹೆಣ್ಣು’ ಎಂಬ ಪುಸ್ತಕವಾಯಿತು. ನೆರೆಯ ಮರಾಠಿಯಲ್ಲಿ ಲಕ್ಷ್ಮೀನಾರಾಯಣ ತ್ರಿಪಾಠಿಯವರ ‘ಮೀ ಹಿಜಡಾ, ಮೀ ಲಕ್ಷ್ಮೀ’ 2012ರಲ್ಲಿ ಹೊರಬಂದಿತು. ಗಡಿಭಾಗದ ಕನ್ನಡ ಓದುಗನಿಗೆ ಈ ಮೂರೂ ಕೈಗೆಟುಕುವ ಪುಸ್ತಕಗಳು.

ಈ ಕೃತಿಗಳನ್ನು ನಾವು ಹೆಚ್ಚಾಗಿ ಮೂರು ಬಗೆಯಲ್ಲಿ ಓದುತ್ತ ಬಂದಿದ್ದೇವೆ. ಒಂದು, ಸಮಾಜ ಹೊರದೂಡಿದವರ ನೋವಿನ ಕಥನ. ಎರಡು, ಅಸ್ಮಿತೆಯ ಹುಡುಕಾಟ. ಮೂರು, ಎಲ್ಲ ಅಡ್ಡಿಗಳನ್ನು ಮೀರಿದ ಸಾಧನೆಯ ಕಥೆ. ಮೂರೂ ಸುಳ್ಳಲ್ಲ. ಆದರೆ ಈ ಪುಸ್ತಕಗಳ ಪುಟಪುಟದಲ್ಲಿ ದೇಹವಿದೆ. ಆ ದೇಹಕ್ಕೆ ಪೆಟ್ಟು ಬೀಳುತ್ತದೆ, ಜ್ವರ ಬರುತ್ತದೆ, ಶಸ್ತ್ರ ತಾಗುತ್ತದೆ, ಔಷಧ ಬೇಕಾಗುತ್ತದೆ. ಆ ದೇಹವು ವೈದ್ಯನ ಎದುರು ಬಂದಾಗ ಏನಾಯಿತು, ಅಲ್ಲಿ ಯಾರು ಏನು ಕೇಳಿದರು, ಯಾವ ಭಾಷೆಯಲ್ಲಿ ಉತ್ತರ ದೊರೆಯಿತು ಎಂಬ ಪ್ರಶ್ನೆಗಳನ್ನು ನಮ್ಮ ವಿಮರ್ಶೆ ಬದಿಗಿಟ್ಟಿದೆ. ಈ ಕೃತಿಗಳನ್ನು ರೋಗಿಯ ಸಾಕ್ಷ್ಯವಾಗಿಯೂ ಓದಬೇಕು, ಹಾಗೆ ಓದಿದಾಗ ಚಿಕಿತ್ಸೆಯ ಹಕ್ಕೆಂಬುದು ಭಾಷೆಯ ಹಕ್ಕೂ ಆಗಿದೆಯೆಂಬುದು ಸ್ಪಷ್ಟವಾಗುತ್ತದೆ ಎಂಬುದೇ ಪ್ರಸ್ತುತ ಲೇಖನದ ವಾದ. ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಕನ್ನಡಿಗರಿಗೆ ಇದು ದೂರದ ವಿಚಾರವಲ್ಲ. ಸಂವಿಧಾನದ ದೃಷ್ಟಿಯಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ನಮ್ಮೊಳಗಿನ ಲಿಂಗತ್ವ ಅಲ್ಪಸಂಖ್ಯಾತರು ಎರಡು ಸಲ ಅಲ್ಪಸಂಖ್ಯಾತರು.

ಶಬ್ದದ ತೊಡಕು

ಚರ್ಚೆಯ ಮೊದಲ ತೊಡಕು ಶಬ್ದದ್ದೇ. ಸಿದ್ಧರಾಮನ ಊರಾದ ಸೊಲ್ಲಾಪುರದಲ್ಲಿ ‘ಲಿಂಗ’ ಎಂದೊಡನೆ ಕಣ್ಮುಂದೆ ಬರುವುದು ಕೊರಳಲ್ಲಿ ಕಟ್ಟಿದ ಇಷ್ಟಲಿಂಗ, ಇಲ್ಲವೆ ಸಿದ್ಧರಾಮನು ಊರ ಸುತ್ತ ಸ್ಥಾಪಿಸಿದನೆಂದು ನಂಬಲಾದ 68 ಲಿಂಗಗಳು. ಸಂಕ್ರಾಂತಿಯ ಗಡ್ಡೆಯ ಜಾತ್ರೆಯಲ್ಲಿ ನಂದಿಧ್ವಜಗಳು ಆ ಲಿಂಗಗಳಿಗೆ ಹೋಗಿಬರುತ್ತವೆ. ಇಂಥ ಮನೆಗಳಲ್ಲಿ ಬೆಳೆದ ಕಿವಿಗೆ ‘ಲಿಂಗ ಪರಿವರ್ತನೆ’ ಎಂಬ ಪದ ವಿಚಿತ್ರವಾಗಿ ಕೇಳಿಸುತ್ತದೆ. ಹಿರಿಯರ ಮುಂದೆ ಅದನ್ನು ಉಚ್ಚರಿಸಲು ನಾಲಗೆ ಹಿಂಜರಿಯುತ್ತದೆ. ಹೇಳಲು ಮಾತಿಲ್ಲದ ಕಡೆ ಕೇಳಲು ಧೈರ್ಯವೂ ಇರುವುದಿಲ್ಲ.

ಕನ್ನಡದ ಆಡಳಿತ ಮತ್ತು ಪತ್ರಿಕೆಗಳಲ್ಲಿ ‘ಲಿಂಗ ಪರಿವರ್ತಿತರು’, ‘ತೃತೀಯ ಲಿಂಗಿಗಳು’, ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಪದಗಳು ಬಳಕೆಯಲ್ಲಿವೆ. ಜನರ ಬಾಯಲ್ಲಿ ‘ಮಂಗಳಮುಖಿ’ ಇದೆ. ನಮ್ಮ ಭಾಗದ ಕಚೇರಿಗಳಲ್ಲಿ ಮರಾಠಿಯ ‘ತೃತೀಯಪಂಥಿ’ ನಡೆಯುತ್ತದೆ. ಇವುಗಳಲ್ಲಿ ‘ಲಿಂಗ ಪರಿವರ್ತಿತ’ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಅದು ಭೂತಕೃದಂತ: ಪರಿವರ್ತನೆ ಆಗಿಹೋಗಿದೆ ಎನ್ನುತ್ತದೆ. ಶಸ್ತ್ರಚಿಕಿತ್ಸೆಗಾಗಿ ಕಾಯುತ್ತಿರುವವರು, ಹಣವಿಲ್ಲದೆ ಮುಂದೂಡಿದವರು, ಅದು ಬೇಡವೆಂದು ನಿರ್ಧರಿಸಿದವರು ಈ ಶಬ್ದದ ಹೊರಗೇ ಉಳಿಯುತ್ತಾರೆ. ಮೊದಲು ದೇಹ ಬದಲಾಗಲಿ, ಆಮೇಲೆ ಹೆಸರು ಕೊಡೋಣ ಎಂಬ ಷರತ್ತು ಶಬ್ದದ ರಚನೆಯಲ್ಲಿಯೇ ಅಡಗಿದೆ.

ನ್ಯಾಯಾಲಯ ಈ ಷರತ್ತನ್ನು ಒಪ್ಪಲಿಲ್ಲ. 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು, ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದೂ ಅದಕ್ಕಾಗಿ ಶಸ್ತ್ರಚಿಕಿತ್ಸೆಗೆ ಒತ್ತಾಯಿಸುವುದು ಅನೈತಿಕ ಮತ್ತು ಕಾನೂನುಬಾಹಿರವೆಂದೂ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಹನ್ನೊಂದನೆಯ ವರ್ಗೀಕರಣದಲ್ಲಿ ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಇರಿಸಿತು. ಹಾಗೆಂದರೆ ಇದು ವಾಸಿಮಾಡಬೇಕಾದ ಮನೋರೋಗವಲ್ಲ, ಆದರೂ ವೈದ್ಯಕೀಯ ನೆರವು ಪಡೆಯಲು ಅರ್ಹವಾದ ಸ್ಥಿತಿ. ಈ ನೆರವಿನಲ್ಲಿ ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆ, ಮುಖದ ಕೂದಲು ತೆಗೆಯುವ ಲೇಸರ್ ಚಿಕಿತ್ಸೆ, ಧ್ವನಿಯ ತರಬೇತಿ, ಎದೆಯ ಮತ್ತು ಜನನಾಂಗದ ಶಸ್ತ್ರಚಿಕಿತ್ಸೆಗಳು ಸೇರುತ್ತವೆ. ಒಬ್ಬರಿಗೆ ಎಲ್ಲವೂ ಬೇಕಾಗಬಹುದು, ಇನ್ನೊಬ್ಬರಿಗೆ ಒಂದೇ ಸಾಕಾಗಬಹುದು, ಮತ್ತೊಬ್ಬರಿಗೆ ಯಾವುದೂ ಬೇಡವಾಗಬಹುದು. ‘ಪರಿವರ್ತನೆ’ ಎಂಬ ಒಂದೇ ಶಬ್ದ ಇವೆಲ್ಲವನ್ನೂ ಒಂದು ಕತ್ತಿಯ ಅಂಚಿಗೆ ಇಳಿಸಿಬಿಡುತ್ತದೆ. ಲಿಂಗತ್ವವನ್ನು ದೃಢಪಡಿಸುವ ಚಿಕಿತ್ಸೆ ಎಂದರೆ ಮಾತು ಉದ್ದವಾಗುತ್ತದೆ, ಆದರೆ ದಿಕ್ಕು ಸರಿಯಾಗುತ್ತದೆ: ವ್ಯಕ್ತಿ ಮೊದಲು, ಚಿಕಿತ್ಸೆ ಅನಂತರ.

‘ಬದುಕು ಬಯಲು’: ರೋಗಿಯ ಸಾಕ್ಷ್ಯ

ರೇವತಿಯವರ ಆತ್ಮಕಥೆ ವಿ. ಗೀತಾ ಅವರ ಅನುವಾದದಲ್ಲಿ 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ನಾಮಕ್ಕಲ್ ಸೀಮೆಯ ಹಳ್ಳಿಯಲ್ಲಿ ಗಂಡುಮಗುವೆಂದು ಬೆಳೆಸಲ್ಪಟ್ಟ ಜೀವವು ಮನೆಯ ಹೊಡೆತಗಳಿಂದ ತಪ್ಪಿಸಿಕೊಂಡು ದೆಹಲಿ, ಮುಂಬಯಿಗಳ ಹಿಜಡಾ ಮನೆಗಳಿಗೆ ಸೇರಿ, ಮುಂದೆ ಬೆಂಗಳೂರಿನ ಸಂಗಮ ಸಂಸ್ಥೆಯಲ್ಲಿ ಹಕ್ಕುಗಳ ಹೋರಾಟಕ್ಕೆ ಇಳಿದ ಕಥೆ ಅದು. ಅದರ ನಡುಭಾಗದಲ್ಲಿ ‘ನಿರ್ವಾಣ’ದ ಪ್ರಸಂಗ ಬರುತ್ತದೆ. ಗುರುಮನೆಯ ಪದ್ಧತಿಯಲ್ಲಿ ಅದಕ್ಕೆ ಎರಡು ದಾರಿಗಳು: ಹಳೆಯ ರೀತಿಯಲ್ಲಿ ತಾಯಮ್ಮನ ಕೈಯಿಂದ ಮಾಡಿಸಿಕೊಳ್ಳುವುದು ಒಂದು, ವೈದ್ಯನ ಬಳಿಗೆ ಹೋಗುವುದು ಇನ್ನೊಂದು. ರೇವತಿ ವೈದ್ಯನನ್ನು ಆರಿಸಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ದೂರದ ರೈಲುಪ್ರಯಾಣ, ಮರಳಿದ ಮೇಲೆ 40 ದಿನಗಳ ಪಥ್ಯ ಮತ್ತು ನೇಮ, ಕೊನೆಯ ದಿನದ ಪೂಜೆ.

ಈ ಭಾಗವನ್ನು ನಾವು ‘ಪುನರ್ಜನ್ಮ’ದ ರೂಪಕವಾಗಿ ಓದಿ ಮುಂದೆ ಸಾಗುತ್ತೇವೆ. ಕೃತಿಯಲ್ಲಿ ಆ ರೂಪಕ ಇದೆ, ನಿಜ. ಆದರೆ ಅದೇ ಪುಟಗಳನ್ನು ಆಸ್ಪತ್ರೆಯ ದಾಖಲೆಯಂತೆ ಓದಿ ನೋಡೋಣ. ಶಸ್ತ್ರಚಿಕಿತ್ಸೆಯ ನಂತರದ ಆರೈಕೆಯ ಹೊಣೆ ಯಾರದು? ನೋವಿಗೆ, ಮೂತ್ರದ ತೊಂದರೆಗೆ, ಸೋಂಕಿಗೆ ಯಾರ ಬಳಿ ಹೋಗಬೇಕು? ಕಥನದೊಳಗೆ ಈ ಆರೈಕೆಯೆಲ್ಲವನ್ನೂ ವಹಿಸಿಕೊಳ್ಳುವುದು ಗುರುಮನೆ: ಬಿಸಿನೀರು ಕಾಯಿಸುವವರು, ಊಟಕ್ಕೆ ನೀಡುವವರು, ರಾತ್ರಿ ಪಕ್ಕದಲ್ಲಿ ಮಲಗುವವರು ಇನ್ನೊಬ್ಬ ಹಿಜಡಾ. ವೈದ್ಯಶಾಸ್ತ್ರ ಬಿಟ್ಟುಕೊಟ್ಟ ಜಾಗವನ್ನು ಸಂಪ್ರದಾಯ ತುಂಬಿತು. ಆ ಸಂಪ್ರದಾಯವನ್ನು ವಿಮರ್ಶೆ ಕೆಲವೊಮ್ಮೆ ರಮ್ಯವಾಗಿ ಕಾಣುತ್ತದೆ, ಕೆಲವೊಮ್ಮೆ ಶೋಷಣೆಯೆಂದು ತಳ್ಳಿಹಾಕುತ್ತದೆ. ರೇವತಿಯವರ ಬರವಣಿಗೆ ಎರಡಕ್ಕೂ ಅವಕಾಶ ಕೊಡುವುದಿಲ್ಲ. ಗುರುವಿನ ಕಟ್ಟಳೆ ಬಿಗಿಯಾದುದು. ಅದೇ ಕೈ ಔಷಧವನ್ನೂ ಕೊಡುತ್ತದೆ.

ದು. ಸರಸ್ವತಿಯವರ ಅನುವಾದದ ಬೆಲೆ ಇಲ್ಲಿದೆ. ಈ ದೇಹಾನುಭವವನ್ನು ಅವರು ವೈದ್ಯಕೀಯ ಪರಿಭಾಷೆಗೂ ಒಯ್ಯಲಿಲ್ಲ, ಮುಚ್ಚುಮರೆಯ ಸಂಸ್ಕೃತಕ್ಕೂ ಒಯ್ಯಲಿಲ್ಲ. ಆಡುವ ಕನ್ನಡಕ್ಕೆ ತಂದರು. ರೋಗಿಯೊಬ್ಬರು ತನ್ನ ನೋವನ್ನು ಕನ್ನಡದಲ್ಲಿ ಹೇಳಬಹುದು, ನಾಚಿಕೆಯಿಲ್ಲದೆಯೂ ಅಸಹ್ಯವಿಲ್ಲದೆಯೂ ಹೇಳಬಹುದು ಎಂಬುದನ್ನು ಅದು ತೋರಿಸಿತು. ಯಾವ ಆಸ್ಪತ್ರೆಯೂ ಒದಗಿಸದ ಶಬ್ದಕೋಶವನ್ನು ಒಂದು ಆತ್ಮಕಥೆ ಒದಗಿಸಿದೆ. ಒಂದು ಕೊರತೆಯನ್ನೂ ಹೇಳಬೇಕು. ಹೆಣ್ಣೆಂದು ಹುಟ್ಟಿನಲ್ಲಿ ಗುರುತಿಸಲ್ಪಟ್ಟು ಗಂಡಾಗಿ ಬಾಳುವವರ ಅನುಭವ ಈ ಪರಂಪರೆಯಲ್ಲಿ ಬಹಳ ಕಡಿಮೆ. ರೇವತಿಯವರೇ 2016ರಲ್ಲಿ ಪ್ರಕಟವಾದ ತಮ್ಮ ಮುಂದಿನ ಇಂಗ್ಲಿಷ್ ಪುಸ್ತಕದಲ್ಲಿ ಅಂಥವರ ಕಥನಗಳಿಗೆ ಜಾಗ ಮಾಡಿಕೊಟ್ಟರು. ಗುರುಮನೆಯಂಥ ಆಸರೆಯೂ ಇಲ್ಲದ ಅವರು ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ಮೀಸೆ ಹೊತ್ತು ನಿಲ್ಲಬೇಕಾದಾಗಿನ ಸಂಕಟಕ್ಕೆ ಕನ್ನಡದಲ್ಲಿ ಇನ್ನೂ ಸಾಕಷ್ಟು ಬರವಣಿಗೆ ಹುಟ್ಟಬೇಕಾಗಿದೆ.

ಆತ್ಮ ಮತ್ತು ದೇಹ

‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರು ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವನ್ನು ನೆನಪಿಗೆ ತರುತ್ತದೆ. ದೇಹದ ಗುರುತುಗಳನ್ನು ನೋಡಿ ಜನ ಹೆಣ್ಣೆಂದೂ ಗಂಡೆಂದೂ ಕರೆಯುತ್ತಾರೆ, ಒಳಗಿನ ಆತ್ಮಕ್ಕೆ ಆ ಭೇದವಿಲ್ಲ ಎಂಬುದು ಆ ವಚನದ ಆಶಯ. ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ನಡೆಯುವ ಕನ್ನಡ ಸಭೆಗಳಲ್ಲಿ ಇದು ಮತ್ತೆ ಮತ್ತೆ ಕೇಳಿಬರುತ್ತದೆ. ಕೇಳಿಬರಲಿ, ಹನ್ನೆರಡನೆಯ ಶತಮಾನದ ಆಸುಪಾಸಿನಲ್ಲೇ ಇಂಥ ಮಾತು ಹುಟ್ಟಿದ್ದು ಸಣ್ಣ ಸಂಗತಿಯಲ್ಲ. ಆದರೆ ಪುಸ್ತಕದ ಹೆಸರನ್ನು ಗಮನಿಸಬೇಕು. ವಚನ ಆತ್ಮವನ್ನಿಟ್ಟ ಜಾಗದಲ್ಲಿ ಪುಸ್ತಕ ಹೆಣ್ಣನ್ನು ಇಟ್ಟಿದೆ. ಇದು ಮೆಲುದನಿಯ ತಿದ್ದುಪಡಿ. ತನಗೆ ಲಿಂಗವಿಲ್ಲ ಎಂಬುದು ಮಂಜಮ್ಮನವರ ಮಾತಲ್ಲ; ತಾನು ಹೆಣ್ಣು ಎಂಬುದು ಅವರ ಮಾತು.

ಈ ವ್ಯತ್ಯಾಸವನ್ನು ಮರೆತರೆ ವಚನದ ಉದಾತ್ತ ಆಶಯವೇ ಒಂದು ನೆಪವಾಗಿಬಿಡುತ್ತದೆ. ಆತ್ಮಕ್ಕೆ ಭೇದವಿಲ್ಲವೆಂದ ಮೇಲೆ ದೇಹಕ್ಕೇಕೆ ಚಿಕಿತ್ಸೆ ಎಂದು ಕೇಳುವವರಿದ್ದಾರೆ. ಆತ್ಮಕ್ಕೆ ಜ್ವರವೂ ಬರುವುದಿಲ್ಲ. ಹಾಗೆಂದು ಜ್ವರದವರಿಗೆ ನಾವು ಔಷಧ ನಿಲ್ಲಿಸುವುದಿಲ್ಲ. ಕಾಯಕ, ದಾಸೋಹಗಳಲ್ಲಿ ದೇಹವನ್ನು ಗೌರವದಿಂದ ಕಂಡ ಶರಣರ ಮಾತನ್ನು ದೇಹದ ಅಗತ್ಯವನ್ನು ಅಲ್ಲಗಳೆಯಲು ಬಳಸುವುದು ಅವರಿಗೂ ನ್ಯಾಯವಲ್ಲ.

ಮಂಜಮ್ಮನವರ ಕಥನದಲ್ಲಿ ಹದಿಹರೆಯದ ಮಗನ ನಡೆನುಡಿ ಕಂಡು ಗಾಬರಿಯಾದ ಮನೆಯವರು ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ಯುತ್ತಾರೆ. ಉಡಿದಾರ ಕತ್ತರಿಸಿ, ಮುತ್ತು ಕಟ್ಟಿಸಿ, ಬಳೆ ತೊಡಿಸಿ ಜೋಗತಿಯನ್ನಾಗಿ ಮಾಡಲಾಗುತ್ತದೆ. ಅನಂತರ ಮನೆಯ ನಂಟು ಕಳಚುವುದು, ವಿಷ ಕುಡಿದು ಸಾಯಲು ಯತ್ನಿಸುವುದು, ಭಿಕ್ಷೆ, ಹಲ್ಲೆ, ಕೊನೆಗೆ ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯದ ಕಲಿಕೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ, 2021ರಲ್ಲಿ ಪದ್ಮಶ್ರೀ. ಜೋಗತಿ ದೀಕ್ಷೆಗೆ ಶಸ್ತ್ರಚಿಕಿತ್ಸೆ ಅಗತ್ಯವಿಲ್ಲ ಎಂಬುದು ಇಲ್ಲಿಯ ಮುಖ್ಯ ಸಂಗತಿ. ನ್ಯಾಯಾಲಯ 2014ರಲ್ಲಿ ಹೇಳಿದ್ದನ್ನು, ಅಂದರೆ ಗುರುತಿಗೆ ದೇಹದ ಬದಲಾವಣೆ ಷರತ್ತಾಗಬಾರದು ಎಂಬುದನ್ನು, ಎಲ್ಲಮ್ಮ ಹುಲಿಗೆಮ್ಮರ ಪರಂಪರೆ ತನ್ನದೇ ರೀತಿಯಲ್ಲಿ ಆಚರಿಸುತ್ತ ಬಂದಿದೆ. ಆದರೆ ಅದೇ ಪರಂಪರೆಯಲ್ಲಿ ಆಯ್ಕೆಯ ಮಾತಿಲ್ಲ. ದೇವಿ ಕರೆದಳು ಎಂದ ಮೇಲೆ ಹುಡುಗನ ಸಮ್ಮತಿಯನ್ನು ಕೇಳುವವರಾರು? ಮರಾಠಿಯಲ್ಲಿ ರಾಜನ್ ಗವಸರ ಕಾದಂಬರಿಗಳ ಆಧಾರದಿಂದ ಬಂದ ‘ಜೋಗವಾ’ (2009) ಚಲನಚಿತ್ರದ ತಾಯಪ್ಪ ಇದರ ಇನ್ನೊಂದು ಮುಖ: ತಾನು ಗಂಡೆಂದೇ ತಿಳಿದವನಿಗೆ ಊರೆಲ್ಲ ಸೇರಿ ಸೀರೆ ಉಡಿಸುತ್ತದೆ. ಒಬ್ಬರಿಗೆ ದೊರೆತ ಆಸರೆಯೇ ಇನ್ನೊಬ್ಬರಿಗೆ ಹೇರಿಕೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಪ್ರಶ್ನೆ ಹೆಣ್ಣೋ ಗಂಡೋ ಎಂಬುದಲ್ಲ, ಯಾರ ಸಮ್ಮತಿ ಎಂಬುದು.

ಕೇಸ್ ಪೇಪರಿನ ಮುಂದೆ

ಈ ಪ್ರಶ್ನೆಯನ್ನು ಹಿಡಿದು ಪುಸ್ತಕದಿಂದ ಆಸ್ಪತ್ರೆಗೆ ಬರೋಣ. ಅಕ್ಕಲಕೋಟೆಯಿಂದ ಸೊಲ್ಲಾಪುರ ಸುಮಾರು 40 ಕಿಲೋಮೀಟರ್. ತಾಲ್ಲೂಕಿನಲ್ಲಿ ಆಗದ ಚಿಕಿತ್ಸೆಗೆ ಬಡವರು ಜಿಲ್ಲಾ ಸ್ಥಳಕ್ಕೇ ಬರಬೇಕು. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ನಾಲ್ಕೂ ನಡೆಯುವ ಊರು ಅದು. ಸಂತೆಯಲ್ಲಿ, ಗಿರಣಿಯಲ್ಲಿ ಭಾಷೆ ಅಡ್ಡಬರುವುದಿಲ್ಲ. ಆದರೆ ಕೇಸ್ ಪೇಪರ್ ತೆಗೆಸುವ ಕಿಟಕಿಯ ಮುಂದೆ ಕಾಗದದ ಭಾಷೆ ಮರಾಠಿ ಇಲ್ಲವೆ ಇಂಗ್ಲಿಷ್. ಅಲ್ಲಿ ಮೊದಲು ಕೇಳುವುದು ಹೆಸರು, ವಯಸ್ಸು, ಗಂಡೋ ಹೆಣ್ಣೋ.

ಇಲ್ಲಿ ಎರಡು ಭಾಷೆಗಳ ವ್ಯಾಕರಣದ ಒಂದು ಸಣ್ಣ ಭೇದ ದೊಡ್ಡದಾಗುತ್ತದೆ. ಕನ್ನಡದಲ್ಲಿ ‘ನಾನು ಬಂದೆ’, ‘ನಾನು ಹೋಗುತ್ತೇನೆ’ ಎನ್ನುವಾಗ ಕ್ರಿಯಾಪದ ಮಾತಾಡುವವರ ಲಿಂಗವನ್ನು ಹೇಳುವುದಿಲ್ಲ. ಮರಾಠಿಯಲ್ಲಿ ‘ಮೀ ಆಲೋ’ ಎಂದರೆ ಗಂಡು, ‘ಮೀ ಆಲೇ’ ಎಂದರೆ ಹೆಣ್ಣು. ‘ಜಾತೋ’, ‘ಜಾತೇ’ ಎಂಬಲ್ಲಿಯೂ ಅದೇ ಭೇದ. ಕೊಲ್ಲಾಪುರದ ಕಡೆಯ ಹೆಂಗಸರ ಮಾತಿನಲ್ಲಿ ಈ ಭೇದ ಅಳಿಸಿಹೋಗುವುದುಂಟು, ಆದರೆ ಕಚೇರಿಯ ಮರಾಠಿ ಅದನ್ನು ಬಿಡುವುದಿಲ್ಲ. ಮನೆಯಲ್ಲಿ ಕನ್ನಡವಾಡಿ ಬೆಳೆದ, ತನ್ನ ಲಿಂಗತ್ವವನ್ನು ಇನ್ನೂ ಯಾರಿಗೂ ಹೇಳದ ಒಬ್ಬ ಯುವವ್ಯಕ್ತಿ ಅಪರಿಚಿತ ವೈದ್ಯನ ಎದುರು ಕುಳಿತು ಮರಾಠಿಯಲ್ಲಿ ಒಂದು ವಾಕ್ಯ ಆರಂಭಿಸಿದರೆ ಸಾಕು, ಕ್ರಿಯಾಪದದ ಕೊನೆಯಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳಬೇಕು ಅಥವಾ ಸುಳ್ಳಾಡಬೇಕು. ಕನ್ನಡದಲ್ಲಾದರೆ ‘ನನಗ ತ್ರಾಸ ಆಗ್ಯಾದರಿ’ ಎಂದು ಮೊದಲು ನೋವನ್ನು ಹೇಳಿ, ನಂಬಿಕೆ ಹುಟ್ಟಿದ ಮೇಲೆ ಉಳಿದದ್ದನ್ನು ಹೇಳಬಹುದು. ಯಾವುದನ್ನು ಯಾವಾಗ ಹೇಳಬೇಕೆಂಬ ಆಯ್ಕೆ ರೋಗಿಯ ಖಾಸಗಿತನದ ತಿರುಳು. ಆ ಆಯ್ಕೆಗೆ ಕನ್ನಡ ಕೊಡುವ ಕಾಲಾವಕಾಶವನ್ನು ಭಾಷಾಂತರ ಕಸಿದುಕೊಳ್ಳುತ್ತದೆ.

ಇದನ್ನು ಕನ್ನಡದ ಹೆಗ್ಗಳಿಕೆಯೆಂದು ಬೀಗುವಂತಿಲ್ಲ. ಪ್ರಥಮ ಪುರುಷಕ್ಕೆ ಬಂದೊಡನೆ ‘ಅಂವ’, ‘ಆಕಿ’ ಎಂಬ ಕವಲು ನಮ್ಮಲ್ಲೂ ಇದೆ. ಮನುಷ್ಯರನ್ನು ‘ಅದು’ ಎಂದು ಕರೆದು ಅವಮಾನಿಸುವ ಕ್ರೌರ್ಯವೂ ನಮ್ಮಲ್ಲಿದೆ. ‘ಅಣ್ಣಾ’, ‘ಅಕ್ಕಾ’ ಎಂಬ ಆತ್ಮೀಯ ಕರೆಗಳೂ ಲಿಂಗವನ್ನು ಹೇಳಿಯೇ ಹೇಳುತ್ತವೆ. ಆದರೆ ಗೌರವದ ಮಾತಿಗೆ ಬಂದರೆ ನೆರಳು ಸಿಗುತ್ತದೆ. ‘ಅವರು ಬಂದಾರ’ ಎಂಬಲ್ಲಿ ಭೇದವಿಲ್ಲ. ‘ಬರ್ರಿ, ಕೂಡ್ರಿ, ಏನಾಗ್ಯಾದರಿ’ ಎಂಬ ನಮ್ಮ ‘ರಿ’ ಯಾರ ದೇಹವನ್ನೂ ತಡಕುವುದಿಲ್ಲ. ಮರಾಠಿಯಲ್ಲೂ ವೈದ್ಯರು ‘ತೂ’ ಬಿಟ್ಟು ‘ತುಮ್ಹೀ’ ಎಂದರೆ ‘ಆಲಾಸ’, ‘ಆಲೀಸ’ ಎಂಬ ಭೇದ ಹೋಗಿ ‘ಆಲಾತ’ ಎಂಬ ಒಂದೇ ರೂಪ ಉಳಿಯುತ್ತದೆ. ಎರಡೂ ಭಾಷೆಗಳಲ್ಲಿ ಮರ್ಯಾದೆಯೇ ಮೊದಲ ಚಿಕಿತ್ಸೆ. ಅದಕ್ಕೆ ಹಣ ಬೇಕಿಲ್ಲ, ತಜ್ಞರು ಬೇಕಿಲ್ಲ.

ಸಮ್ಮತಿಯ ಭಾಷೆ

ಕೇಸ್ ಪೇಪರಿನ ನಂತರ ಬರುವುದು ಸಮ್ಮತಿಪತ್ರ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ಕಾಯಿಲೆಯ ಸ್ವರೂಪ, ಚಿಕಿತ್ಸೆ ಮತ್ತು ಅದರ ಪರಿಣಾಮಗಳನ್ನು ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಅವರ ತಿಳಿವಳಿಕೆಯ ಮಟ್ಟಕ್ಕೆ ಇಳಿಸಿ ವಿವರಿಸಬೇಕೆಂಬುದು ಅವುಗಳಲ್ಲಿ ಒಂದು. ತಾರತಮ್ಯವಿಲ್ಲದ ಚಿಕಿತ್ಸೆ, ಗೌಪ್ಯತೆ ಇನ್ನುಳಿದವುಗಳಲ್ಲಿ ಸೇರಿವೆ. 2017ರ ಮಾನಸಿಕ ಆರೋಗ್ಯ ಕಾನೂನು ಕೂಡ ರೋಗಿಗೆ ಅರ್ಥವಾಗುವ ಭಾಷೆ ಮತ್ತು ರೂಪದಲ್ಲಿ ಮಾಹಿತಿ ಕೊಡಬೇಕೆನ್ನುತ್ತದೆ. ಸಮಾಜದ ನೀತಿ, ರೂಢಿಗಳಿಗೆ ಹೊಂದಿಕೊಳ್ಳದಿರುವುದನ್ನೇ ಮಾನಸಿಕ ಕಾಯಿಲೆಯೆಂದು ನಿರ್ಧರಿಸುವಂತಿಲ್ಲ ಎಂದೂ ಅದು ಹೇಳುತ್ತದೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಾಪ್ತವಯಸ್ಕ ರೋಗಿ ತಾನೇ ಒಪ್ಪಿಗೆ ಕೊಡಬಲ್ಲವಳಾಗಿರುವಾಗ ತಾಯಿಯ ಒಪ್ಪಿಗೆ ಅದಕ್ಕೆ ಬದಲಾಗದು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟಂತಾಗದು ಎಂದು ಸ್ಪಷ್ಟಪಡಿಸಿತು. ‘ಮನೆಯವರನ್ನು ಕರೆದುಕೊಂಡು ಬಾ’ ಎಂಬ ಮಾತಿಗೆ ಮನೆಯಿಂದ ಹೊರದೂಡಲ್ಪಟ್ಟವರು ಏನು ಉತ್ತರ ಕೊಡಬೇಕೆಂಬುದನ್ನು ಯೋಚಿಸಿದರೆ ಈ ತೀರ್ಪಿನ ಬೆಲೆ ತಿಳಿಯುತ್ತದೆ.

ತಿಳಿಯುವ ಭಾಷೆ ಎಂಬುದು ಇಲ್ಲಿ ಬರಿಯ ಸೌಜನ್ಯವಲ್ಲ. ಈಸ್ಟ್ರೋಜನ್ ತೆಗೆದುಕೊಳ್ಳುವವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಬಹುದು; ಮುಂದೆ ಮಕ್ಕಳಾಗುವ ಸಾಧ್ಯತೆ ಕುಗ್ಗಬಹುದು. ಟೆಸ್ಟೋಸ್ಟಿರಾನ್‌ನಿಂದ ಒಮ್ಮೆ ದಪ್ಪವಾದ ದನಿ ಔಷಧ ನಿಲ್ಲಿಸಿದರೂ ಹಿಂದಿನಂತಾಗದು. ಕೆಲವು ಬದಲಾವಣೆಗಳು ತಿರುಗಿ ಬರುತ್ತವೆ, ಕೆಲವು ಬರುವುದಿಲ್ಲ. ಕಾಲಕಾಲಕ್ಕೆ ರಕ್ತಪರೀಕ್ಷೆ ಬೇಕು. ಇವನ್ನೆಲ್ಲ ಅರ್ಧ ತಿಳಿದ ಮರಾಠಿಯಲ್ಲಿ ಕೇಳಿ, ಓದಲಾಗದ ಇಂಗ್ಲಿಷ್ ಕಾಗದದ ಮೇಲೆ ಮಾಡಿದ ಸಹಿ ಸಮ್ಮತಿಯಾಗುವುದಿಲ್ಲ. ಹಾಗೆಯೇ ತಿಳಿಯದೆ ಹೆದರಿ ಹಿಂದಿರುಗಿದವರ ನಿರಾಕರಣೆಯೂ ನಿಜವಾದ ನಿರಾಕರಣೆಯಲ್ಲ. ಆಮೇಲೆ ಅವರು ಔಷಧದಂಗಡಿಯಿಂದ ತಾವೇ ಗುಳಿಗೆ ಕೊಂಡು ನುಂಗುತ್ತಾರೆ, ಇಲ್ಲವೆ ಯಾರೋ ಹೇಳಿದ ದೂರದೂರಿಗೆ ಹೋಗುತ್ತಾರೆ. ‘ಬದುಕು ಬಯಲು’ ಚಿತ್ರಿಸಿದ ರೈಲುಪ್ರಯಾಣ ಹೀಗೆ ಮತ್ತೆ ಆರಂಭವಾಗುತ್ತದೆ.

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗಾಗಿ ಸಂಸತ್ತು 2019ರಲ್ಲಿ ಅಂಗೀಕರಿಸಿದ ಕಾನೂನು 2020ರ ಜನವರಿ 10ರಂದು ಜಾರಿಗೆ ಬಂದಿತು. ಅದರ 15ನೆಯ ಕಲಮಿನಲ್ಲಿ ಸರ್ಕಾರವು ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನ್ ಚಿಕಿತ್ಸೆಗೆ ಏರ್ಪಾಡು ಮಾಡಬೇಕು, ಅದಕ್ಕೆ ಮುಂಚೆ ಮತ್ತು ಆಮೇಲೆ ಸಮಾಲೋಚನೆ ಇರಬೇಕು, ವೈದ್ಯಕೀಯ ಪಠ್ಯಕ್ರಮವನ್ನು ಪರಿಶೀಲಿಸಬೇಕು, ವೆಚ್ಚಕ್ಕೆ ವಿಮೆ ಒದಗಿಸಬೇಕು ಎಂದಿದೆ. 2022ರ ಆಗಸ್ಟಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆಗಾಗಿ ಒಡಂಬಡಿಕೆಯಾಯಿತು. ಅದೇ ಕಾನೂನು ಅಂದು ಅಂಗೀಕಾರವಾದ ರೂಪದಲ್ಲಿ ಜಿಲ್ಲಾಧಿಕಾರಿಯ ಗುರುತಿನ ಪ್ರಮಾಣಪತ್ರಕ್ಕೆ ಎರಡು ಮೆಟ್ಟಿಲುಗಳನ್ನು ಕಟ್ಟಿತು: ಮೊದಲನೆಯದು ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿಯೆಂದು, ಗಂಡು ಅಥವಾ ಹೆಣ್ಣು ಎಂದು ಬರೆಸಬೇಕಾದರೆ ಶಸ್ತ್ರಚಿಕಿತ್ಸೆಯ ವೈದ್ಯಕೀಯ ಪತ್ರದೊಡನೆ ಎರಡನೆಯದು. 2020ರ ನಿಯಮಗಳು ಶಸ್ತ್ರಚಿಕಿತ್ಸೆಯ ಜಾಗದಲ್ಲಿ ವೈದ್ಯಕೀಯ ಮಧ್ಯಪ್ರವೇಶ ಎಂಬ ವಿಶಾಲ ಮಾತನ್ನಿಟ್ಟು ಸಮಾಲೋಚನೆ, ಹಾರ್ಮೋನ್‌ಗಳನ್ನೂ ಅದರಲ್ಲಿ ಸೇರಿಸಿ ಮೆಟ್ಟಿಲನ್ನು ಸ್ವಲ್ಪ ತಗ್ಗಿಸಿದವು. ಆದರೂ ಎರಡನೆಯ ಮೆಟ್ಟಿಲಿನಲ್ಲಿ ‘ಪರಿವರ್ತಿತ’ ಎಂಬ ಶಬ್ದದ ಷರತ್ತೇ ಮತ್ತೆ ಕಾಣಿಸುತ್ತದೆ. ಅಲ್ಲಿ ಚಿಕಿತ್ಸೆ ಹಕ್ಕಾಗಿ ಉಳಿಯದೆ ಪರೀಕ್ಷೆಯಾಗುತ್ತದೆ, ವೈದ್ಯನು ಸಾಕ್ಷಿಯಾಗುತ್ತಾನೆ.

ಭಾಷೆಯ ವಿಚಾರದಲ್ಲಿ ತಮಿಳುನಾಡು ಒಂದು ಹೆಜ್ಜೆ ಮುಂದಿದೆ. ಮದ್ರಾಸ್ ಉಚ್ಚ ನ್ಯಾಯಾಲಯದಲ್ಲಿ 2021ರಿಂದ ನಡೆದ ಸುಷ್ಮಾ ಪ್ರಕರಣದ ಫಲವಾಗಿ, ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರನ್ನು ಕರೆಯಲು ಯೋಗ್ಯವಾದ ತಮಿಳು ಪದಗಳ ಪಟ್ಟಿಯನ್ನು ಅಲ್ಲಿನ ಸರ್ಕಾರ 2022ರಲ್ಲಿ ಗೆಜೆಟ್ಟಿನಲ್ಲಿ ಪ್ರಕಟಿಸಿತು. ಪದಗಳನ್ನು ಸಮುದಾಯದವರೊಡನೆ ಚರ್ಚಿಸಿ ಆರಿಸುವುದು, ಅವು ಕಚೇರಿಯಲ್ಲೂ ಪತ್ರಿಕೆಯಲ್ಲೂ ಬಳಕೆಯಾಗುವಂತೆ ನೋಡುವುದು ರಾಜ್ಯದ ಕೆಲಸವೆಂದು ಅಲ್ಲಿ ಒಪ್ಪಿದಂತಾಯಿತು. ಕನ್ನಡಕ್ಕೆ ಅಂಥ ಪಟ್ಟಿ ಬೇಕು. ಗಡಿಭಾಗದ ಕನ್ನಡಕ್ಕೆ ಇನ್ನೂ ಒಂದು ಬೇಕು: ಕನ್ನಡ ಮತ್ತು ಮರಾಠಿ ಪದಗಳನ್ನು ಎದುರುಬದುರಾಗಿ ಇಟ್ಟ ಪಟ್ಟಿ. ಭಾಷಾ ಅಲ್ಪಸಂಖ್ಯಾತರಿಗಾಗಿ ದೇಶ ಒಪ್ಪಿದ ಏರ್ಪಾಡುಗಳಲ್ಲಿ, ಸ್ಥಳೀಯ ಜನಸಂಖ್ಯೆಯ 15 ಪ್ರತಿಶತ ಅಥವಾ ಹೆಚ್ಚು ಜನ ಆಡುವ ಭಾಷೆಯಲ್ಲಿ ಮುಖ್ಯ ನಿಯಮ ಮತ್ತು ಪ್ರಕಟಣೆಗಳನ್ನು ಹೊರಡಿಸಬೇಕೆಂಬ ಮಾತಿದೆ. ಅಕ್ಕಲಕೋಟೆ ತಾಲ್ಲೂಕಿನಲ್ಲಿ ಕನ್ನಡ ಆ ಗೆರೆಯನ್ನು ಎಂದೋ ದಾಟಿದೆ. ಈ ಏರ್ಪಾಡನ್ನು ನಾವು ಶಾಲೆಗಾಗಿ, ನಾಮಫಲಕಕ್ಕಾಗಿ ನೆನೆದಿದ್ದೇವೆ. ಆಸ್ಪತ್ರೆಯ ಸಮ್ಮತಿಪತ್ರಕ್ಕಾಗಿ ನೆನೆದದ್ದು ಕಡಿಮೆ.

ವಿಮರ್ಶೆಯ ಕೆಲಸ

ಇದು ಸಾಹಿತ್ಯ ವಿಮರ್ಶೆಯ ಹೊರಗಿನ ಮಾತೆಂದು ಕೆಲವರಿಗೆ ಅನಿಸಬಹುದು. ಆದರೆ ಕಥನದ ರೂಪವನ್ನೇ ನೋಡೋಣ. ‘ನಡುವೆ ಸುಳಿವ ಹೆಣ್ಣು’ ಮತ್ತು ‘ಮೀ ಹಿಜಡಾ, ಮೀ ಲಕ್ಷ್ಮೀ’ ಎರಡೂ ಒಬ್ಬರು ಹೇಳಿ ಇನ್ನೊಬ್ಬರು ಬರೆದ ಪುಸ್ತಕಗಳು; ಎರಡನೆಯದಕ್ಕೆ ಶಬ್ದರೂಪ ಕೊಟ್ಟವರು ವೈಶಾಲಿ ರೋಡೆ. ವೈದ್ಯನ ಕೇಸ್ ಪೇಪರ್ ಕೂಡ ಒಬ್ಬರು ಹೇಳಿ ಇನ್ನೊಬ್ಬರು ಬರೆದ ಜೀವನಕಥನವೇ. ವ್ಯತ್ಯಾಸವಿಷ್ಟೆ: ಪುಸ್ತಕದ ನಿರೂಪಕರು ಹೇಳಿದವರ ಮಾತಿಗೆ ಕಿವಿಗೊಟ್ಟು, ಅವರ ಹೆಸರಿನಲ್ಲಿ ಅವರ ದನಿಯನ್ನು ಉಳಿಸಲು ಶ್ರಮಿಸುತ್ತಾರೆ, ಕೇಸ್ ಪೇಪರಿನಲ್ಲಿ ಏನು ಬರೆಯಲಾಗಿದೆ ಎಂಬುದು ಹೇಳಿದವರಿಗೇ ತಿಳಿದಿರುವುದಿಲ್ಲ. ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂದು ವೈದ್ಯರ ವೃತ್ತಿನಿಯಮಗಳು 2002ರಿಂದ ಹೇಳುತ್ತ ಬಂದಿವೆ. ಕೇಳಬಹುದು ಎಂಬುದನ್ನು ಹೇಳುವವರು ಬೇಕು. ಒಳ್ಳೆಯ ನಿರೂಪಣೆಯ ಲಕ್ಷಣವೇನು, ಯಾರ ಮಾತು ಯಾರ ಬಾಯಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ಗುರುತಿಸುವುದು ವಿಮರ್ಶಕರ ಕಸುಬು. ಆ ಕಸುಬನ್ನು ಈ ಕಾಗದದ ಮೇಲೂ ಪ್ರಯೋಗಿಸಬಹುದು.

ಸೊಲ್ಲಾಪುರ ಜಿಲ್ಲೆಯ ಜನ ಈ ವಿಷಯದಲ್ಲಿ ಹಿಂದುಳಿದವರೆಂದು ತಿಳಿಯಬೇಕಾಗಿಲ್ಲ. 2017ರಲ್ಲಿ ಮಾಳಶಿರಸ ತಾಲ್ಲೂಕಿನ ತರಂಗಫಳದ ಮತದಾರರು ತೃತೀಯಪಂಥಿಯಾದ ಜ್ಞಾನೇಶ್ವರ ಕಾಂಬಳೆಯವರನ್ನು ತಮ್ಮ ಸರಪಂಚರನ್ನಾಗಿ ಆರಿಸಿದರು. ಹಳ್ಳಿಯ ಜನ ಯಾವ ಪ್ರಮಾಣಪತ್ರಕ್ಕೂ ಕಾಯದೆ ಮನುಷ್ಯರನ್ನು ಗುರುತಿಸಬಲ್ಲರು. ಆ ಗುರುತು ಮತಪೆಟ್ಟಿಗೆಯಿಂದ ಆಸ್ಪತ್ರೆಯ ಕಿಟಕಿಗೆ ಬರಬೇಕಾಗಿದೆ. ವೈದ್ಯರಿಗೂ ಇದೇ ಊರಿನ ಮಾದರಿಯಿದೆ. ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟಣೀಸರು 1938ರಲ್ಲಿ ಯುದ್ಧದ ನಡುವೆ ಚೀನಾಕ್ಕೆ ಹೋದರು. ಅಲ್ಲಿ ಅವರು ಚೀನೀ ಭಾಷೆಯನ್ನು ಕಲಿತು ಅಲ್ಲಿಯವರಿಗೆ ಚಿಕಿತ್ಸೆ ಮಾಡಿದರು, ಅಲ್ಲಿಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ರೋಗಿಯು ವೈದ್ಯನ ಭಾಷೆ ಕಲಿಯಲಿ ಎಂದು ಅವರು ಕಾಯಲಿಲ್ಲ.

ಕೋಟಣೀಸರಷ್ಟು ದೂರ ಹೋಗಬೇಕೆಂದು ಇಂದು ಯಾರನ್ನೂ ಕೇಳುತ್ತಿಲ್ಲ. ಒಂದು ಹಾಳೆಯಲ್ಲಿ ಕನ್ನಡ, ಎದುರಿನ ಹಾಳೆಯಲ್ಲಿ ಮರಾಠಿ ಇರುವ ಸಮ್ಮತಿಪತ್ರ; ‘ಪರಿವರ್ತಿತ’ ಎಂಬುದನ್ನು ಬಿಟ್ಟು, ಸಮುದಾಯದವರೇ ಒಪ್ಪಿದ ಪದಗಳ ಪಟ್ಟಿ; ‘ಏನಂತ ಕರೀಬೇಕ್ರಿ ನಿಮಗ?’ ಎಂದು ಮೊದಲು ಕೇಳುವ ರೂಢಿ. ಇವುಗಳನ್ನು ರೂಪಿಸಲು ಬೇಕಾದ ಕನ್ನಡ ರೇವತಿ, ಸರಸ್ವತಿ, ಮಂಜಮ್ಮನವರ ಪುಟಗಳಲ್ಲಿ ಈಗಾಗಲೇ ಇದೆ. ಅದನ್ನು ಅಲ್ಲಿಂದ ಹೆಕ್ಕಿ, ನಮ್ಮ ಭಾಗದ ಆಡುಮಾತಿನೊಡನೆ ಹೋಲಿಸಿ, ಮರಾಠಿಯ ಎದುರಿಗಿಟ್ಟು ಒಪ್ಪ ಮಾಡುವ ಕೆಲಸ ಭಾಷೆ ಬಲ್ಲವರದು. ಅಧ್ಯಯನ ಕೇಂದ್ರಗಳಿಗೂ ಕನ್ನಡ ಶಾಲೆಗಳ ಶಿಕ್ಷಕರಿಗೂ ಇದು ಮೀರಿದ ಕೆಲಸವಲ್ಲ.